ಗುರುತು ಕೇಳದ ಅಂಚೆ: ಇಮೇಲ್ ಸರ್ವರಿನ ಕಪ್ಪು ಪರದೆಯ ಹಿಂದಿನ ಕಥೆ

ಕಳೆದ ಮಳೆಗಾಲದಲ್ಲಿ ನಮ್ಮ ತಾಲೂಕಿನ ಹುಡುಗನೊಬ್ಬ ತನ್ನ ತಾಯಿಯನ್ನೂ ಕರೆದುಕೊಂಡು ನಮ್ಮ ಬಳಿ ಬಂದ. ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಕೆಲಸ ಹುಡುಕುತ್ತಿದ್ದವನು. ಸರ್ಕಾರಿ ಇಲಾಖೆಯೊಂದರ ವಿಳಾಸದಿಂದ ಅವನಿಗೆ ಇಮೇಲ್ ಬಂದಿತ್ತು: ನೀವು ಆಯ್ಕೆಯಾಗಿದ್ದೀರಿ, ಭದ್ರತಾ ಠೇವಣಿ 8,500 ರೂಪಾಯಿ ಕಟ್ಟಿ. ಕಟ್ಟಿದ. ಆಮೇಲೆ ಆ ಕಡೆಯಿಂದ ಸದ್ದೇ ಇಲ್ಲ. 1930ಕ್ಕೆ ಫೋನ್ ಮಾಡಿಸಿದೆವು, ದೂರು ಬರೆಸಿದೆವು. ಅಷ್ಟರಲ್ಲಿ ನಾಲ್ಕು ದಿನ ಕಳೆದುಹೋಗಿತ್ತು.

ಹೊರಡುವಾಗ ಆ ತಾಯಿ ಒಂದು ಪ್ರಶ್ನೆ ಕೇಳಿದರು. "ಅಲ್ಲಾ ಸಾರ್, ಕಳಿಸಿದವರ ಅಡ್ರೆಸ್ ಸರಿಯಾಗೇ ಇದೆಯಂತಲ್ಲ. ಮಧ್ಯದಲ್ಲಿ ತಂದುಕೊಡೋರು ಇರ್ತಾರಲ್ಲ, ಅವರು ನೀನು ಯಾರು ಅಂತ ಕೇಳೋದಿಲ್ವಾ?"

ನಾವೂ ನೋಡಿದೆವು. ವಿಳಾಸ ಒಂದಕ್ಷರವೂ ತಪ್ಪಿಲ್ಲದೆ ಆ ಇಲಾಖೆಯದ್ದೇ. ಆ ಹೊತ್ತಿಗೆ ತಾಯಿಗೆ ಏನೋ ಒಂದು ಉತ್ತರ ಕೊಟ್ಟು ಕಳಿಸಿದೆವು. ಸರಿಯಾದ ಉತ್ತರ ಬೇಕೆಂದರೆ ನಲವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಈ ಬರಹ ಅದಕ್ಕಾಗಿ.

ಮೊದಲು ನಮ್ಮ ವಿಷಯ ಒಂದಿಷ್ಟು. ನಮ್ಮ ಬಳಗ ಸುದ್ದಿ ಕಳಿಸಲು ಒಂದು ಸಣ್ಣ ಸರ್ವರ್ ಬಾಡಿಗೆಗೆ ಹಿಡಿದಿದೆ. ಸರ್ವರ್ ಎಂದರೆ ಬೇರೇನಲ್ಲ, ಹಗಲೂ ರಾತ್ರಿ ಆರದೆ ನಡೆಯುವ ಒಂದು ಕಂಪ್ಯೂಟರ್. ಎಲ್ಲೋ ದೂರದಲ್ಲಿರುತ್ತದೆ, ನಾವು ಅದರ ಮುಖ ನೋಡಿಲ್ಲ. ಅದರೊಳಗೆ ಹೋಗಲು ಚಿತ್ರ, ಬಟನ್ ಯಾವುದೂ ಇಲ್ಲ. ಕಪ್ಪು ಪರದೆ, ಮಿಣುಕುವ ಒಂದು ಗೆರೆ. ಅಲ್ಲಿ ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತಿದರೆ ಅದು ಉತ್ತರ ಬರೆಯುತ್ತದೆ. 'ಮೇಲ್‌ಕ್ಯೂ' ಎಂದು ಬರೆದರೆ ಇನ್ನೂ ಹೊರಡದೆ ಸಾಲಿನಲ್ಲಿ ನಿಂತಿರುವ ಪತ್ರಗಳ ಪಟ್ಟಿ ಬರುತ್ತದೆ, ಪ್ರತಿಯೊಂದರ ಕೆಳಗೆ ಯಾಕೆ ನಿಂತಿದೆ ಎಂಬ ಕಾರಣ. ನಾವೇನೂ ಎಂಜಿನಿಯರುಗಳಲ್ಲ. ತಪ್ಪು ಮಾಡಿ ಮಾಡಿ ಕಲಿತದ್ದು.

ತಾಯಿ ಕೇಳಿದ ಆ ರಾತ್ರಿ ನಾವು ಒಂದು ಪ್ರಯೋಗ ಮಾಡಿದೆವು. ನಮ್ಮ ಸರ್ವರಿನ 25ನೇ ಬಾಗಿಲಿಗೆ ನೇರವಾಗಿ ಹೋದೆವು. ಇಮೇಲ್ ಲೋಕದಲ್ಲಿ ಒಂದು ಸರ್ವರ್ ಇನ್ನೊಂದಕ್ಕೆ ಪತ್ರ ದಾಟಿಸುವ ಕಿಂಡಿಯ ನಂಬರ್ ಅದು. ಬಾಗಿಲು ತೆರೆಯಿತು, 220 ಎಂದು ಬರೆಯಿತು. ನಾವು 'ಹೆಲೋ' ಎಂದೆವು. (ಇಂಗ್ಲಿಷಿನಲ್ಲಿ ಒಂದು 'ಎಲ್' ಕಡಿಮೆ ಹಾಕಿ ಬರೆಯಬೇಕು, ಅಲ್ಲಿ ಆಜ್ಞೆಗಳೆಲ್ಲ ನಾಲ್ಕಕ್ಷರದವು.) 250 ಎಂದಿತು, ಸರಿ ಎಂದರ್ಥ. 'ಮೇಲ್ ಫ್ರಮ್' ಎಂದು ಬರೆದು, ಕಳಿಸಿದವರು ಯಮಧರ್ಮರಾಯ, ಯಮಲೋಕ ಎಂದು ಹಾಕಿದೆವು. ಮತ್ತೆ 250, ಸರಿ. ಪಡೆಯುವವರು ನಾವೇ. ಅದೂ ಸರಿ. 'ಡೇಟಾ' ಎಂದು ಬರೆದು, ಎರಡು ಸಾಲು ಒಕ್ಕಣೆ ಹಾಕಿ, ಕೊನೆಗೆ ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕೆ ಇಟ್ಟೆವು. ಅರೆನಿಮಿಷದಲ್ಲಿ ನಮ್ಮ ಪೆಟ್ಟಿಗೆಗೆ ಯಮನ ಪತ್ರ ಬಂದು ಬಿದ್ದಿತ್ತು.

ನಗು ಬಂತು. ಆಮೇಲೆ ಆ ಹುಡುಗನ ಮುಖ ನೆನಪಾಯಿತು.

ಇಮೇಲಿನ ಈ ಮಾತುಕತೆಯ ಕ್ರಮವನ್ನು ಬರೆದಿಟ್ಟದ್ದು 1982ರ ಆಗಸ್ಟ್‌ನಲ್ಲಿ, ಅಮೆರಿಕದ ಜೊನಾಥನ್ ಪೋಸ್ಟೆಲ್ ಎಂಬ ಗಣಕ ವಿಜ್ಞಾನಿ. ಹೆಸರು ಎಸ್‌ಎಂಟಿಪಿ. 'ನೀನು ಯಾರು, ಪುರಾವೆ ತೋರಿಸು' ಎಂಬ ಪ್ರಶ್ನೆ ಆ ಕ್ರಮದಲ್ಲಿ ಎಲ್ಲೂ ಇಲ್ಲ. ಮರೆತು ಬಿಟ್ಟದ್ದಲ್ಲ. ಆಗ ಆ ಜಾಲದಲ್ಲಿದ್ದವರು ವಿಶ್ವವಿದ್ಯಾಲಯಗಳ, ಸಂಶೋಧನಾ ಕೇಂದ್ರಗಳ ಜನ. ಬಹುತೇಕರು ಒಬ್ಬರಿಗೊಬ್ಬರು ಗೊತ್ತಿದ್ದವರು. ಹತ್ತು ಮನೆಯ ಹಳ್ಳಿಯಲ್ಲಿ ಯಾರು ಬಾಗಿಲಿಗೆ ಬೀಗ ಹಾಕುತ್ತಾರೆ?

ಅದಕ್ಕೂ ಹನ್ನೊಂದು ವರ್ಷ ಮೊದಲು, 1971ರಲ್ಲಿ, ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಪಕ್ಕದಲ್ಲೇ ಇದ್ದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳಿಸಿದ್ದರು. ಹೆಸರಿಗೂ ಊರಿಗೂ ನಡುವೆ ನಾವು ಇಂದು ಹಾಕುವ 'ಅಟ್' ಗುರುತನ್ನು ಆರಿಸಿದ್ದು ಅವರೇ. ಆದರೆ ನಮ್ಮ ಕಥೆಯ ಮುಖ್ಯ ಮನುಷ್ಯ ಬೇರೆ: ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಎರಿಕ್ ಆಲ್ಮನ್.

1970ರ ದಶಕದ ಕೊನೆಯಲ್ಲಿ ಬರ್ಕ್ಲಿಯಲ್ಲಿ ಒಂದು ತಾಪತ್ರಯವಿತ್ತು. ದೇಶದ ದೊಡ್ಡ ಜಾಲವಾದ ಆರ್ಪಾನೆಟ್‌ನ ಸಂಪರ್ಕ ಇದ್ದದ್ದು ಆಲ್ಮನ್ ಕೆಲಸ ಮಾಡುತ್ತಿದ್ದ ವಿಭಾಗದ ಕಂಪ್ಯೂಟರಿಗೆ. ಕ್ಯಾಂಪಸ್ಸಿನ ಉಳಿದವರೆಲ್ಲ ಬಂದು ನಮಗೂ ಅಲ್ಲೊಂದು ಖಾತೆ ಕೊಡಿ, ಮೇಲ್ ನೋಡಬೇಕು ಎಂದು ಪೀಡಿಸುತ್ತಿದ್ದರು. ಊರಿಗೆಲ್ಲ ಒಂದೇ ಫೋನ್ ಇದ್ದ ಕಾಲದಲ್ಲಿ ಫೋನ್ ಇದ್ದ ಮನೆಯವರ ಪಾಡು ನೆನೆಸಿಕೊಳ್ಳಿ. ಆಲ್ಮನ್ ಎಲ್ಲರಿಗೂ ಖಾತೆ ಕೊಡುವ ಬದಲು, ಒಂದು ಜಾಲದ ಪತ್ರವನ್ನು ಇನ್ನೊಂದು ಜಾಲಕ್ಕೆ ದಾಟಿಸುವ ಸಣ್ಣ ಪ್ರೋಗ್ರಾಂ ಬರೆದರು. 'ಡೆಲಿವರ್‌ಮೇಲ್' ಎಂದು ಹೆಸರು. 1979ರಲ್ಲಿ ಬರ್ಕ್ಲಿಯ ಯುನಿಕ್ಸ್ ಜೊತೆ ಅದು ಹೊರಬಂತು. ಅದನ್ನೇ ತಿದ್ದಿ ಬೆಳೆಸಿ 1983ರ ಹೊತ್ತಿಗೆ 'ಸೆಂಡ್‌ಮೇಲ್' ಮಾಡಿದರು.

ಕೆಲಸ ಸುಲಭದ್ದಾಗಿರಲಿಲ್ಲ. ಒಂದೊಂದು ಜಾಲದ ವಿಳಾಸ ಒಂದೊಂದು ರೀತಿ. ಹಿಂದೆ ನಮ್ಮ ಕಾಗದಗಳ ಮೇಲೆ 'ವಯಾ' ಎಂದು ನಡುವಿನ ಊರು ಬರೆಯುತ್ತಿದ್ದೆವಲ್ಲ, ಯುಯುಸಿಪಿ ಎಂಬ ಜಾಲದಲ್ಲಿ ದಾರಿಯ ಎಲ್ಲ ಕಂಪ್ಯೂಟರುಗಳ ಹೆಸರನ್ನೂ ಕಳಿಸುವವರೇ ಸಾಲಾಗಿ ಬರೆಯಬೇಕಿತ್ತು, ನಡುನಡುವೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ. ಒಂದು ಊರು ತಪ್ಪಿದರೆ ಪತ್ರ ಹೋಯಿತು. ಸೆಂಡ್‌ಮೇಲ್ ಈ ವಿಳಾಸಗಳನ್ನು ಒಂದರಿಂದ ಇನ್ನೊಂದಕ್ಕೆ ತಾನೇ ತಿದ್ದಿ ಬರೆದುಕೊಳ್ಳುತ್ತಿತ್ತು. ಹೀಗೆ ತಿದ್ದುವ ನಿಯಮಗಳೆಲ್ಲ ಒಂದು ಫೈಲಿನಲ್ಲಿ. ಆ ಫೈಲು ನೋಡಿದವರಿಗೆ ಅಂಗಳದಲ್ಲಿ ಕೋಳಿ ಕೆದರಿದ ಹಾಗೆ ಕಾಣುತ್ತದೆ: ಡಾಲರ್ ಚಿಹ್ನೆ, ಕೂಡುವ ಚಿಹ್ನೆ, ಆವರಣ, ಒಂಟಿ ಅಕ್ಷರಗಳು. ಅದನ್ನು ಓದಲು ಕಲಿಸಲೆಂದೇ 1993ರಲ್ಲಿ ಒಂದು ದಪ್ಪ ಪುಸ್ತಕ ಬಂತು. ಮುಖಪುಟದಲ್ಲಿ ಬಾವಲಿ ಚಿತ್ರ, ಹಾಗಾಗಿ ಎಲ್ಲರ ಬಾಯಲ್ಲೂ ಬಾವಲಿ ಪುಸ್ತಕ.

ಆ ಕಾಲದ ಸರ್ವರ್ ಎಷ್ಟು ಮಾತುಗಾರ ಎಂದರೆ, 'ವಿಆರ್‌ಎಫ್‌ವೈ' ಎಂದು ಬರೆದು ಒಬ್ಬರ ಹೆಸರು ಹಾಕಿದರೆ ಇಂಥವರು ಇಲ್ಲಿದ್ದಾರೋ ಇಲ್ಲವೋ ಹೇಳುತ್ತಿತ್ತು. 'ಇಎಕ್ಸ್‌ಪಿಎನ್' ಎಂದರೆ ಒಂದು ಗುಂಪಿನಲ್ಲಿ ಯಾರ್ಯಾರಿದ್ದಾರೆ ಎಂದು ಪಟ್ಟಿಯನ್ನೇ ಕೊಡುತ್ತಿತ್ತು. ಬಸ್‌ಸ್ಟ್ಯಾಂಡಿನ ಗೂಡಂಗಡಿಯಲ್ಲಿ ಇಂಥವರ ಮನೆ ಯಾವುದು ಎಂದು ಕೇಳಿದರೆ ಮನೆಯ ಜೊತೆಗೆ ಮನೆಮಂದಿಯ ವಿವರವನ್ನೂ ಹೇಳುತ್ತಾರಲ್ಲ, ಹಾಗೆ. ಇನ್ನೊಂದು ನಿಯಮ ನಮಗೆ ಬಹಳ ಇಷ್ಟ: ಪ್ರತಿ ಮೇಲ್ ಊರಿನಲ್ಲೂ 'ಪೋಸ್ಟ್‌ಮಾಸ್ಟರ್' ಎಂಬ ಹೆಸರಿಗೆ ಬಂದ ಪತ್ರ ಯಾರಾದರೊಬ್ಬ ಮನುಷ್ಯನಿಗೆ ತಲುಪಲೇಬೇಕು. ಏನಾದರೂ ಕೆಟ್ಟರೆ ಕೇಳಲು ಒಬ್ಬರಿರಬೇಕಲ್ಲ. ಈ ನಿಯಮ ಇಂದಿಗೂ ಪುಸ್ತಕದಲ್ಲಿದೆ. ನಮ್ಮ ಸರ್ವರಿನ ಪೋಸ್ಟ್‌ಮಾಸ್ಟರ್ ಕೆಲಸವನ್ನು ನಾವು ವಾರಕ್ಕೊಬ್ಬರಂತೆ ಹಂಚಿಕೊಂಡಿದ್ದೇವೆ.

ಬಾಗಿಲು ಹಾಕದ ಮನೆಗೆ ಕಳ್ಳ ನುಗ್ಗಿದ್ದು 1988ರ ನವೆಂಬರ್ 2ರ ಸಂಜೆ.

ನುಗ್ಗಿಸಿದವನು ಕಳ್ಳನೂ ಅಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ರಾಬರ್ಟ್ ಟ್ಯಾಪನ್ ಮಾರಿಸ್, ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ. ಅವನ ತಂದೆ ಅಮೆರಿಕ ಸರ್ಕಾರದ ಕಂಪ್ಯೂಟರ್ ಭದ್ರತೆಯ ದೊಡ್ಡ ತಜ್ಞ, ಇದು ಬೇರೆ ತಮಾಷೆ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ಹರಿದುಹೋಗುವ ಸಣ್ಣ ಪ್ರೋಗ್ರಾಂ ಬರೆದು ಅವನು ಎಂಐಟಿಯ ಕಂಪ್ಯೂಟರಿನಿಂದ ಬಿಟ್ಟ. ಅದು ಹಿಡಿದ ದಾರಿಗಳಲ್ಲಿ ಒಂದು ಸೆಂಡ್‌ಮೇಲ್. ದೋಷ ಹುಡುಕಲು ಅನುಕೂಲವಾಗಲಿ ಎಂದು ಸೆಂಡ್‌ಮೇಲ್‌ನಲ್ಲಿ 'ಡೀಬಗ್' ಎಂಬ ಆಜ್ಞೆ ಇಟ್ಟಿದ್ದರು. 25ನೇ ಬಾಗಿಲಿಗೆ ಬಂದು 'ಡೀಬಗ್' ಎಂದರೆ ಸಾಕು, ಪತ್ರ ಪಡೆಯುವವರ ಹೆಸರಿನ ಜಾಗದಲ್ಲಿ ಕಂಪ್ಯೂಟರಿಗೇ ನೇರ ಆಜ್ಞೆ ಬರೆಯಬಹುದಿತ್ತು. ಎಷ್ಟೋ ಕಡೆ ಆ ಕಿಂಡಿಯನ್ನು ಮುಚ್ಚದೆ ಹಾಗೇ ಬಿಟ್ಟಿದ್ದರು.

ಹುಳು ಒಂದೇ ಕಂಪ್ಯೂಟರಿಗೆ ಮತ್ತೆ ಮತ್ತೆ ನುಗ್ಗಿತು, ಅವು ಉಸಿರುಗಟ್ಟಿ ನಿಂತವು. ಆಗ ಜಾಲದಲ್ಲಿದ್ದದ್ದು ಸುಮಾರು 60,000 ಕಂಪ್ಯೂಟರ್; ಅದರಲ್ಲಿ ಹತ್ತಿರ ಹತ್ತಿರ 6,000 ಕೆಟ್ಟವೆಂದು ಅಂದಾಜು. ಬರ್ಕ್ಲಿಯವರು ರಾತ್ರಿಯೆಲ್ಲ ಕೂತು ಪರಿಹಾರ ಹುಡುಕಿದರು. ಸೆಂಡ್‌ಮೇಲ್‌ನ ಮೂಲ ಬರಹ ಕೈಯಲ್ಲಿಲ್ಲದವರಿಗೆ ಅವರು ಹೇಳಿದ ಉಪಾಯ ನೋಡಿ: ತಯಾರಾದ ಪ್ರೋಗ್ರಾಮಿನೊಳಗೆ 'ಡೀಬಗ್' ಎಂಬ ಪದ ಎಲ್ಲಿದೆಯೋ ಹುಡುಕಿ ಅದನ್ನೇ ಅಳಿಸಿಬಿಡಿ. ಆದರೆ ಈ ಪರಿಹಾರವನ್ನು ಎಲ್ಲರಿಗೂ ತಿಳಿಸುವುದು ಹೇಗೆ? ಇಮೇಲಿನಿಂದ. ಇಮೇಲೋ, ಹುಳುವಿಗೆ ಹೆದರಿ ಅನೇಕರು ತಂತಿಯನ್ನೇ ಕಿತ್ತಿಟ್ಟಿದ್ದರು. ಮಾರಿಸ್‌ನ ಗೆಳೆಯನೊಬ್ಬ ಹೆಸರು ಹೇಳದೆ ಕಳಿಸಿದ ಎಚ್ಚರಿಕೆಯ ಪತ್ರವೂ ಸಮಯಕ್ಕೆ ತಲುಪಲಿಲ್ಲ.

1990ರಲ್ಲಿ ಮಾರಿಸ್‌ಗೆ ನ್ಯಾಯಾಲಯ ಮೂರು ವರ್ಷದ ಪ್ರೊಬೇಷನ್, 400 ಗಂಟೆ ಸಮುದಾಯ ಸೇವೆ, 10,050 ಡಾಲರ್ ದಂಡ ವಿಧಿಸಿತು. ಜೈಲಿಗೆ ಹೋಗಲಿಲ್ಲ. ಮುಂದೆ ಅದೇ ಎಂಐಟಿಯಲ್ಲಿ ಪ್ರೊಫೆಸರ್ ಆದರು.

ಇದೇ ಹೊತ್ತಿಗೆ ನಮ್ಮ ದೇಶದಲ್ಲೂ ಇಮೇಲ್ ಕಣ್ಣು ಬಿಡುತ್ತಿತ್ತು. 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯಲ್ಲಿ ಎಂಟು ಸಂಸ್ಥೆಗಳಿದ್ದವು: ಐದು ಐಐಟಿಗಳು, ಮುಂಬೈನ ಎನ್‌ಸಿಎಸ್‌ಟಿ, ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ, ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಟಾಟಾ ಇನ್‌ಸ್ಟಿಟ್ಯೂಟ್. ಆರಂಭದಲ್ಲಿ ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಫೋನ್ ಹಚ್ಚಿ ಕೂಡಿಟ್ಟ ಪತ್ರ ದಾಟಿಸುವ ವ್ಯವಸ್ಥೆ. ಜನಸಾಮಾನ್ಯರಿಗೆ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅಗ್ಗದ ಸಂಪರ್ಕಕ್ಕೆ 'ಶೆಲ್ ಅಕೌಂಟ್' ಎಂದು ಹೆಸರು. ಅಲ್ಲೂ ಅದೇ ಕಪ್ಪು ಪರದೆ, ಬರೀ ಅಕ್ಷರ. ಈಗ ಐವತ್ತು ದಾಟಿದ ಎಷ್ಟೋ ಎಂಜಿನಿಯರುಗಳು ಮೊದಲ ಇಮೇಲ್ ಓದಿದ್ದು ಹಾಗೆ.

ಕಪ್ಪು ಪರದೆಯ ಮುಂದೆ ಕೂತವರ ಕಷ್ಟಸುಖ ತಿಳಿಯಲು ಒಂದು ಘಟನೆ ಹೇಳಲೇಬೇಕು. 1990ರ ದಶಕದ ನಡುವಿನದು. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಮೇಲ್ ನೋಡಿಕೊಳ್ಳುತ್ತಿದ್ದ ಟ್ರೇ ಹ್ಯಾರಿಸ್ ಎಂಬವರು ಆಮೇಲೆ ತಾವೇ ಬರೆದ ಕಥೆ. ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರು ಫೋನ್ ಮಾಡಿ, ನಮ್ಮ ವಿಭಾಗದಿಂದ 500 ಮೈಲಿಗಿಂತ ದೂರಕ್ಕೆ ಇಮೇಲ್ ಹೋಗುತ್ತಿಲ್ಲ ಎಂದರು. ಹ್ಯಾರಿಸ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಮೇಲಿಗೆ ದೂರ ಎಂಬುದುಂಟೆ? ಆದರೆ ಅವರು ಸಂಖ್ಯಾಶಾಸ್ತ್ರದವರು, ದಿನಗಟ್ಟಲೆ ಲೆಕ್ಕ ಹಾಕಿ ನಕ್ಷೆಯನ್ನೇ ಮಾಡಿಟ್ಟಿದ್ದರು. ಹ್ಯಾರಿಸ್ ತಾವೇ ಊರೂರಿಗೆ ಕಳಿಸಿ ನೋಡಿದರು. ನ್ಯೂಯಾರ್ಕ್ 420 ಮೈಲಿ, ಹೋಯಿತು. ಪ್ರಾವಿಡೆನ್ಸ್ 580 ಮೈಲಿ, ಹೋಗಲಿಲ್ಲ. ಹೇಳಿದ ಮಾತು ನಿಜ!

ಆಗ ಅವರು ನಾವು ಯಮನ ಪತ್ರ ಬರೆದಂತೆಯೇ ಸರ್ವರಿನ 25ನೇ ಬಾಗಿಲಿಗೆ ಕೈಯಾರೆ ಹೋಗಿ ಮಾತಾಡಿಸಿದರು. ಅದು ತನ್ನ ಪರಿಚಯ ಹೇಳಿದಾಗ ಗುಟ್ಟು ಬಯಲಾಯಿತು. ಯಾರೋ ಬಂದು ಕಂಪ್ಯೂಟರನ್ನು ಹೊಸದು ಮಾಡುವ ಭರದಲ್ಲಿ ಸೆಂಡ್‌ಮೇಲನ್ನು 8ನೇ ಆವೃತ್ತಿಯಿಂದ ಹಳೆಯ 5ನೇ ಆವೃತ್ತಿಗೆ ಇಳಿಸಿಬಿಟ್ಟಿದ್ದರು. ನಿಯಮಗಳ ಫೈಲು ಮಾತ್ರ ಹೊಸದೇ ಉಳಿದಿತ್ತು. ಹಳೆಯ ಪ್ರೋಗ್ರಾಮಿಗೆ ಹೊಸ ಸಾಲುಗಳು ಅರ್ಥವಾಗದೆ ಅವನ್ನು ಬಿಟ್ಟುಬಿಟ್ಟಿತ್ತು. ಹಾಗೆ ಬಿಟ್ಟದ್ದರಲ್ಲಿ ಆ ಕಡೆಯ ಸರ್ವರಿಗಾಗಿ ಎಷ್ಟು ಹೊತ್ತು ಕಾಯಬೇಕು ಎಂಬುದೂ ಒಂದು. ಅದು ಸೊನ್ನೆಯಾಗಿತ್ತು. ಸೊನ್ನೆ ಎಂದರೂ ಆ ಯಂತ್ರ ಕೈಬಿಡಲು ಸುಮಾರು 3 ಮಿಲಿಸೆಕೆಂಡ್ ಹಿಡಿಯುತ್ತಿತ್ತು, ಅಂದರೆ ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ ಮೂರು ಪಾಲು. ಅಷ್ಟು ಹೊತ್ತಿನಲ್ಲಿ ಬೆಳಕು ಎಷ್ಟು ದೂರ ಹೋಗುತ್ತದೆ? 'ಯುನಿಟ್ಸ್' ಎಂಬ ಆಜ್ಞೆಗೆ ಕೇಳಿದರು. 558 ಮೈಲಿ ಎಂದಿತು. ನಮ್ಮ ಲೆಕ್ಕದಲ್ಲಿ ಸುಮಾರು 900 ಕಿಲೋಮೀಟರ್, ಬೆಂಗಳೂರಿನಿಂದ ಮುಂಬೈಗೆ ಕಾಗೆ ಹಾರಿದ ದಾರಿಗಿಂತ ಸ್ವಲ್ಪ ಜಾಸ್ತಿ.

ನಮ್ಮೂರಿನ ಜನ ಮೋಡ ಕವಿದರೆ ನೆಟ್ ಬರೋದಿಲ್ಲ ಎಂದಾಗ ನಾವು ಈಗ ನಗುವುದಿಲ್ಲ.

ಮಾರಿಸ್‌ನ ಹುಳುವಿಗೆ ಪರಿಹಾರ ಸಿಕ್ಕಿತು, ಆದರೆ ಗುರುತು ಕೇಳದ ಅಭ್ಯಾಸ ಬದಲಾಗಲಿಲ್ಲ. ಆಗ ಯಾವ ಸರ್ವರ್ ಆದರೂ ಯಾರು ಕೊಟ್ಟ ಪತ್ರವನ್ನಾದರೂ ಮುಂದಕ್ಕೆ ದಾಟಿಸುತ್ತಿತ್ತು. ದಾರಿಹೋಕರ ಕಾಗದವನ್ನೂ ಡಬ್ಬಕ್ಕೆ ಹಾಕುವುದು ಸೌಜನ್ಯ ಎಂಬ ಭಾವನೆ. ಜಾಹೀರಾತಿನವರು ಆ ಸೌಜನ್ಯವನ್ನು ಹಿಂಡಿ ಹಿಪ್ಪೆ ಮಾಡಿದರು. ಕೇಳದೆ ನೂರಾರು ಜನರಿಗೆ ಮಾಲು ಮಾರುವ ಪತ್ರ ಹೋದದ್ದು 1978ರಷ್ಟು ಹಿಂದೆಯೇ. 1990ರ ದಶಕದಲ್ಲಿ ಅದು ಲಕ್ಷಗಟ್ಟಲೆಯಾಯಿತು. ಕಡೆಗೆ 1997ರಲ್ಲಿ ಪಾಲ್ ವಿಕ್ಸಿ ಮತ್ತವರ ಜೊತೆಗಾರರು ಸ್ಪ್ಯಾಮ್ ಕಳಿಸುವ ಸರ್ವರುಗಳ ಕಪ್ಪುಪಟ್ಟಿ ಶುರುಮಾಡಿದರು. 1998ರಲ್ಲಿ ಬಂದ ಸೆಂಡ್‌ಮೇಲ್ 8.9, ಅಪರಿಚಿತರ ಪತ್ರವನ್ನು ಹೊರಗೆ ದಾಟಿಸುವುದನ್ನು ತಾನಾಗಿಯೇ ನಿಲ್ಲಿಸಿತು. ಅದೇ ವರ್ಷದ ಕೊನೆಯಲ್ಲಿ ನೆದರ್‌ಲ್ಯಾಂಡ್ಸ್ ಮೂಲದ ವೀಟ್ಸೆ ವೆನೆಮಾ ಐಬಿಎಂನಲ್ಲಿದ್ದುಕೊಂಡು ಬರೆದ ಪೋಸ್ಟ್‌ಫಿಕ್ಸ್ ಹೊರಬಂತು. ಒಂದೇ ದೊಡ್ಡ ಪ್ರೋಗ್ರಾಮಿನ ಬದಲು ಸಣ್ಣ ಸಣ್ಣ ಕೆಲಸಗಾರರು. ಒಬ್ಬ ಕೆಟ್ಟರೂ ಮನೆಯೆಲ್ಲ ಸುಡದ ಹಾಗೆ. ನಮ್ಮ ಸರ್ವರಿನಲ್ಲಿರುವುದೂ ಪೋಸ್ಟ್‌ಫಿಕ್ಸೇ. ಅದರಲ್ಲಿ 'ಮೇಲ್‌ಕ್ಯೂ' ಎಂಬ ಹಳೆಯ ಸೆಂಡ್‌ಮೇಲ್ ಆಜ್ಞೆಯನ್ನು ಹಾಗೇ ಉಳಿಸಿಕೊಂಡಿದ್ದಾರೆ, ರೂಢಿಯಾದ ಕೈಗಳಿಗೆ ತೊಂದರೆಯಾಗಬಾರದೆಂದು.

ಬಹಳ ಜನಕ್ಕೆ ಇದ್ಯಾವುದೂ ಬೇಕಾಗಲಿಲ್ಲ. 1996ರ ಜುಲೈ 4ರಂದು, ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ ಹಾಟ್‌ಮೇಲ್ ತೆರೆದರು. ಕಪ್ಪು ಪರದೆಯ ಗೊಡವೆಯಿಲ್ಲದೆ ಯಾರು ಬೇಕಾದರೂ ಪುಕ್ಕಟೆ ವಿಳಾಸ ಪಡೆಯಬಹುದಾಯಿತು. ನಿಧಾನವಾಗಿ ಊರೂರಿನ ಸಣ್ಣ ಅಂಚೆಮನೆಗಳು ಮುಚ್ಚಿ, ಕೆಲವೇ ದೊಡ್ಡ ಕಂಪನಿಗಳ ಗೋದಾಮುಗಳು ಉಳಿದವು. ಈಗ ಯಾರ ಪತ್ರ ಒಳಗೆ, ಯಾರದ್ದು ಹೊರಗೆ ಎಂದು ತೀರ್ಮಾನಿಸುವವರು ಅವರೇ.

ಗುರುತು ಕೇಳುವ ಪದ್ಧತಿ ಬಂದದ್ದು ತೀರ ತಡವಾಗಿ, ಅದೂ ಹಳೆಯ ಮನೆಗೆ ತೇಪೆ ಹಚ್ಚಿದಂತೆ. 2006ರಲ್ಲಿ ಎಸ್‌ಪಿಎಫ್: ನಮ್ಮ ಹೆಸರಿನ ಪತ್ರ ಇಂಥ ಸರ್ವರಿನಿಂದ ಮಾತ್ರ ಹೊರಡುತ್ತದೆ ಎಂದು ಸಾರ್ವಜನಿಕವಾಗಿ ಬರೆದಿಡುವುದು. 2007ರಲ್ಲಿ ಡಿಕಿಮ್: ಪತ್ರಕ್ಕೆ ಮೊಹರು. 2012ರಲ್ಲಿ ಡಿಮಾರ್ಕ್: ಇವೆರಡೂ ಸರಿಯಿಲ್ಲದ ಪತ್ರ ನಮ್ಮ ಹೆಸರಲ್ಲಿ ಬಂದರೆ ಏನು ಮಾಡಬೇಕೆಂದು ವಿಳಾಸದ ಒಡೆಯರೇ ಹೇಳಿಡುವುದು. ಮೂರನ್ನೂ ಯಾರು ಬೇಕಾದರೂ 'ಡಿಗ್' ಎಂಬ ಆಜ್ಞೆಯಿಂದ ನೋಡಬಹುದು.

ಹುಡುಗನಿಗೆ ಬಂದ ಪತ್ರದ ಆ ಇಲಾಖೆಯ ವಿಳಾಸವನ್ನು ನಾವು 'ಡಿಗ್' ಮಾಡಿದೆವು. ಡಿಮಾರ್ಕ್ ಸಾಲು ಇತ್ತು. ಅದರಲ್ಲಿ ಬರೆದದ್ದು 'ನನ್' ಎಂದು. ಅಂದರೆ, ಸುಳ್ಳು ಪತ್ರ ಬಂದರೂ ತಡೆಯಿರಿ ಎಂದು ನಾವು ಹೇಳುವುದಿಲ್ಲ. ಆಮೇಲೆ ಹುಡುಗನ ಪತ್ರವನ್ನು ಕಂಪ್ಯೂಟರಿನಲ್ಲಿ ತೆರೆದು 'ಶೋ ಒರಿಜಿನಲ್' ಒತ್ತಿ ನೋಡಿದೆವು. ಎಸ್‌ಪಿಎಫ್ ಫೇಲ್, ಡಿಮಾರ್ಕ್ ಫೇಲ್. ಪತ್ರ ಹೊರಟ ಸರ್ವರಿಗೂ ಆ ಇಲಾಖೆಗೂ ಸಂಬಂಧವೇ ಇಲ್ಲ. ಫೋನಿನ ಪರದೆಯಲ್ಲಿ ಕಂಡ ಆ ವಿಳಾಸ, ಕಳಿಸಿದವನು ಕಾಗದದ ತಲೆಯ ಮೇಲೆ ತಾನೇ ಬರೆದುಕೊಂಡದ್ದು. ನಾವು ಯಮಲೋಕ ಎಂದು ಬರೆದ ಹಾಗೆ.

"ಇದು ಇನ್‌ಬಾಕ್ಸಿಗೇ ಬಂದಿತ್ತಾ?" ಎಂದು ಹುಡುಗನನ್ನು ಕೇಳಿದೆವು.

"ಇಲ್ಲ ಅಣ್ಣಾ, ಸ್ಪ್ಯಾಮ್‌ನಲ್ಲಿತ್ತು. ಒಳ್ಳೇದೆಲ್ಲ ಅಲ್ಲೇ ಹೋಗಿ ಬಿದ್ದಿರುತ್ತೆ ಅಂತ ಎತ್ತಿ ಈಚೆ ಹಾಕಿದೆ."

ಅವನನ್ನು ಬೈಯಲು ನಮಗೆ ಬಾಯಿ ಬರಲಿಲ್ಲ. ಯಾಕೆಂದರೆ ನಮ್ಮ ಸರ್ವರಿನಿಂದ ಹೋಗುವ ಸುದ್ದಿಗಳಿಗೂ ಅದೇ ಗತಿ. ಎಸ್‌ಪಿಎಫ್ ಇದೆ, ಡಿಕಿಮ್ ಇದೆ, ಡಿಮಾರ್ಕ್ ಇದೆ. ಆದರೂ ನಾವು ಹೊಸಬರು, ಸಣ್ಣವರು, ನಮಗಿಂತ ಮೊದಲು ಅದೇ ನಂಬರ್ ಬಾಡಿಗೆಗೆ ಹಿಡಿದಿದ್ದವರು ಯಾರೋ ಏನೋ. ಬೆಳೆ ಪರಿಹಾರದ ಬಗ್ಗೆ ನಾವು ಬರೆದು ಕಳಿಸಿದ ವರದಿಯೊಂದನ್ನು ಸಂಪಾದಕರೊಬ್ಬರು ಎಂಟು ದಿನದ ಮೇಲೆ ಸ್ಪ್ಯಾಮ್ ಡಬ್ಬಿಯಲ್ಲಿ ಕಂಡು ಫೋನ್ ಮಾಡಿದ್ದರು. ಅರ್ಜಿ ಹಾಕುವ ಕೊನೆಯ ದಿನ ಅಷ್ಟರಲ್ಲಿ ಮುಗಿದಿತ್ತು.

ಆ ತಾಯಿಗೆ ಮೊನ್ನೆ ಮನೆಗೇ ಹೋಗಿ ಇದನ್ನೆಲ್ಲ ಹೇಳಿದೆವು. ಪೂರ್ತಿ ಕೇಳಿ, "ಹಂಗಾದ್ರೆ ಆವಾಗಿನೋರು ಒಳ್ಳೇ ಜನ ಇದ್ರು ಅನ್ನಿ" ಎಂದರು. ದುಡ್ಡು ಇನ್ನೂ ವಾಪಸ್ ಬಂದಿಲ್ಲ.

ಈ ಬರಹವನ್ನು ನಿನ್ನೆ ರಾತ್ರಿ ನಮ್ಮದೇ ಸರ್ವರಿನಿಂದ ಹುಡುಗನಿಗೂ ಕಳಿಸಿದೆವು. ಆ ಕಡೆಯಿಂದ 250 ಎಂದು ಬಂತು. 'ಮೇಲ್‌ಕ್ಯೂ' ಎಂದು ಬರೆದು ನೋಡಿದರೆ ಸಾಲು ಖಾಲಿ. ಪತ್ರ ಯಾವ ಡಬ್ಬಿಯಲ್ಲಿ ಬಿದ್ದಿದೆ ಎಂದು ಸಂಜೆ ಫೋನ್ ಮಾಡಿ ಕೇಳಬೇಕು.